ಪೈಲಟ್ ಹೆಡ್‌ಸೆಟ್, ಇಂಟರ್‌ಕಾಮ್ ಕೊಳ್ಳುವ ಮುನ್ನ: ಮೊದಲು ಜ್ಯಾಕ್ ನೋಡಿ, ಆಮೇಲೆ ಬ್ರ್ಯಾಂಡ್

ತರಬೇತಿಯ ಪುಟ್ಟ ವಿಮಾನ ಸೆಸ್ನಾ 172ರ ಎಂಜಿನ್ ನಿಮಿಷಕ್ಕೆ 2,400 ಸುತ್ತು ತಿರುಗುವಾಗ ಅದರ ಎರಡು ಅಲಗಿನ ಪ್ರೊಪೆಲರ್ ಸೆಕೆಂಡಿಗೆ 80 ಸಲ ಗಾಳಿಯನ್ನು ಬಡಿಯುತ್ತದೆ. ನಾಲ್ಕು ಸಿಲಿಂಡರ್‌ಗಳಲ್ಲಿ ಇಂಧನ ಸಿಡಿಯುವುದೂ ಸೆಕೆಂಡಿಗೆ 80 ಸಲವೇ. ಎರಡೂ ಸೇರಿ ಹುಟ್ಟುವ 80 ಹರ್ಟ್ಸ್‌ನ ಗುಂಯ್‌ಗಾಟವೇ ಕಾಕ್‌ಪಿಟ್ ಗದ್ದಲದ ತಿರುಳು. ಗಾಳಿಯ ಶಿಳ್ಳೆ, ಬಾಗಿಲ ಸಂದಿನ ಸದ್ದು, ರೇಡಿಯೋದ ಚರಚರ ಎಲ್ಲ ಅದರ ಮೇಲೆ ಕೂತಿರುತ್ತವೆ. ಜಕ್ಕೂರಿನಲ್ಲಾಗಲಿ ಕಲಬುರಗಿಯಲ್ಲಾಗಲಿ ತರಬೇತಿಗೆ ಸೇರಿದವರು ಹೆಡ್‌ಸೆಟ್ ಹುಡುಕಲು ಹೊರಟಾಗ ಮೊದಲು ಕೇಳುವ ಪ್ರಶ್ನೆ ‘ಯಾವ ಕಂಪನಿಯದು ಒಳ್ಳೆಯದು’ ಎಂದು. ಅದಕ್ಕಿಂತ ಮೊದಲು ಕೇಳಬೇಕಾದವು ಮೂರಿವೆ: ನೀವು ಹಾರಿಸುವ ವಿಮಾನದ ಜ್ಯಾಕ್ (ಹೆಡ್‌ಸೆಟ್‌ನ ಪ್ಲಗ್ ಸಿಕ್ಕಿಸುವ ತೂತು) ಯಾವುದು, ಅದರ ಗದ್ದಲ ಯಾವ ಬಗೆಯದು, ಅದರ ಇಂಟರ್‌ಕಾಮ್ (ಒಳಗಿರುವವರು ಹೆಡ್‌ಸೆಟ್ ಮೂಲಕ ತಮ್ಮತಮ್ಮಲ್ಲಿ ಮಾತಾಡುವ ಏರ್ಪಾಡು) ಎಂಥದ್ದು. ಮೂರನೆಯದನ್ನು ಬಹುತೇಕ ಯಾರೂ ಕೇಳುವುದಿಲ್ಲ. ಆಮೇಲೆ ಇಂಟರ್‌ಕಾಮ್ ಮಾಡಿದ ತಪ್ಪಿಗೆ ಹೊಸ ಹೆಡ್‌ಸೆಟ್ ಬೈಸಿಕೊಳ್ಳುತ್ತದೆ.

ಜ್ಯಾಕ್ ಮತ್ತು ಪ್ಲಗ್

ತರಬೇತಿ ವಿಮಾನಗಳಲ್ಲಿ ಸಾಮಾನ್ಯವಾಗಿ ಇರುವುದು ಜೋಡಿ ಪ್ಲಗ್. ದಪ್ಪದ್ದು 6.35 ಮಿ.ಮೀ.ನ ಪಿಜೆ-055, ಕಿವಿಗೆ ಸದ್ದು ತರುವುದು ಇದು. ತುಸು ಸಣ್ಣದು 5.23 ಮಿ.ಮೀ.ನ ಪಿಜೆ-068, ಇದು ಮೈಕಿನದು. ವ್ಯಾಸ ಬೇರೆಬೇರೆ ಮಾಡಿರುವುದೇ ಒಂದರ ಜಾಗಕ್ಕೆ ಇನ್ನೊಂದು ಹೋಗದಿರಲಿ ಎಂದು. ಆದರೆ ಸಣ್ಣದನ್ನು ದೊಡ್ಡ ತೂತಿಗೆ ತುರುಕಲು ಆಗುತ್ತದೆ, ಕತ್ತಲಲ್ಲಿ ಆಗಾಗ ಆಗುವುದೂ ಅದೇ.

ಹೆಲಿಕಾಪ್ಟರಿನಲ್ಲಿ ಯು-174 ಎಂಬ ಒಂಟಿ ಪ್ಲಗ್ ಇರುತ್ತದೆ. ನಾಲ್ಕು ತಂತಿಗಳೂ ಒಂದರಲ್ಲೇ, ಜೊತೆಗೆ ಸುರುಳಿ ಕೇಬಲ್. ಇಲ್ಲಿ ಒಂದು ಬಲೆ ಇದೆ. ನಾಗರಿಕ ಹೆಲಿಕಾಪ್ಟರಿನದೂ ಸೇನೆಯದೂ ಪ್ಲಗ್ ಆಕಾರದಲ್ಲಿ ಒಂದೇ, ಒಳಗಿನ ವಿದ್ಯುತ್ ಲೆಕ್ಕ ಬೇರೆ. ನಾಗರಿಕ ಹೆಡ್‌ಸೆಟ್‌ನ ಸ್ಪೀಕರ್ ಸಾಮಾನ್ಯವಾಗಿ 150ರಿಂದ 600 ಓಮ್ (ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ), ಮೈಕ್ ಎಲೆಕ್ಟ್ರೆಟ್ ಬಗೆಯದು. ಆ ಮೈಕಿಗೆ ವಿಮಾನದಿಂದಲೇ 8ರಿಂದ 16 ವೋಲ್ಟ್ ಸಿಗಬೇಕು. ಸೇನೆಯದರಲ್ಲಿ ಸ್ಪೀಕರ್ ಹತ್ತಿಪ್ಪತ್ತು ಓಮ್‌ನೊಳಗೆ, ಮೈಕ್ 5 ಓಮ್‌ನ ಡೈನಮಿಕ್, ಅದಕ್ಕೆ ವೋಲ್ಟೇಜ್ ಬೇಕಿಲ್ಲ. ಒಂದನ್ನು ಇನ್ನೊಂದಕ್ಕೆ ಸಿಕ್ಕಿಸಿದರೆ ಕಿವಿಗೆ ಪಿಸುಮಾತಿನಷ್ಟು ಸದ್ದು ಬರುತ್ತದೆ, ಮೈಕಿನಿಂದ ಮಾತೇ ಹೋಗುವುದಿಲ್ಲ. ಸೇನೆಯ ಹಳೆಯ ಸರಕು ಅಗ್ಗಕ್ಕೆ ಸಿಕ್ಕಿತೆಂದು ಕೊಂಡವರು ಎಡವುವುದು ಇಲ್ಲೇ. ಬರೀ ತಂತಿಯ ಅಡಾಪ್ಟರ್ ಆಕಾರವನ್ನಷ್ಟೇ ಬದಲಿಸುತ್ತದೆ, ಓಮ್ ಬದಲಿಸುವುದಿಲ್ಲ.

ಏರ್‌ಬಸ್‌ನಲ್ಲಿ ಐದು ಪಿನ್ನಿನ ಎಕ್ಸ್‌ಎಲ್‌ಆರ್ ಇರುತ್ತದೆ. ಸಿರಸ್‌ನಂಥ ಹೊಸ ವಿಮಾನಗಳಲ್ಲಿ ಜೋಡಿ ಜ್ಯಾಕಿನ ಪಕ್ಕದಲ್ಲೇ ಆರು ಪಿನ್ನಿನ ಲೆಮೋ ಜ್ಯಾಕ್ ಕೂಡ ಕಾಣಬಹುದು. ಇದರಲ್ಲಿ ಗದ್ದಲ ಅಳಿಸುವ ಹೆಡ್‌ಸೆಟ್‌ಗೆ ಬೇಕಾದ ವಿದ್ಯುತ್ತು ವಿಮಾನದಿಂದಲೇ ಬರುತ್ತದೆ, ಬ್ಯಾಟರಿಯ ಚಿಂತೆ ಇಲ್ಲ. ಕೇಳಲು ಚೆಂದ. ಆದರೆ ಲೆಮೋ ಪ್ಲಗ್‌ನ ಹೆಡ್‌ಸೆಟ್ ಕೊಂಡು ಹಳೆಯ 172ಕ್ಕೆ ಹೋದರೆ ಬ್ಯಾಟರಿ ಇಡುವ ಅಡಾಪ್ಟರ್ ಬೇರೆ ಕೊಳ್ಳಬೇಕು. ವಿಮಾನ ಬದಲಿಸುತ್ತಾ ಹಾರುವವರಿಗೆ ಜೋಡಿ ಪ್ಲಗ್, ಒಳಗೆ ಎರಡು ಎಎ ಸೆಲ್ ಇರುವುದೇ ಸರಿ. ಕೇಬಲ್ಲನ್ನು ಮಾತ್ರ ಬಿಚ್ಚಿ ಬದಲಿಸಬಹುದಾದ ಮಾದರಿಯಾದರೆ ಇನ್ನೂ ಒಳ್ಳೆಯದು. ಮುಂದೆ ಏರ್‌ಬಸ್ ಸೇರಿದ ದಿನ ಕೇಬಲ್ ಒಂದನ್ನೇ ಕೊಂಡರಾಯಿತು.

ಮುಚ್ಚುವುದೋ, ಅಳಿಸುವುದೋ

ಹೆಡ್‌ಸೆಟ್ ಗದ್ದಲ ತಗ್ಗಿಸುವುದು ಎರಡು ದಾರಿಯಲ್ಲಿ. ಮೊದಲನೆಯದು ಬಟ್ಟಲಿನಂಥ ಕವಚದಿಂದ ಕಿವಿ ಮುಚ್ಚುವುದು. ಇದನ್ನು ಪ್ಯಾಸಿವ್ ಎನ್ನುತ್ತಾರೆ. ಎರಡನೆಯದರಲ್ಲಿ ಬಟ್ಟಲೊಳಗಿನ ಪುಟ್ಟ ಮೈಕ್ ಗದ್ದಲವನ್ನು ಆಲಿಸುತ್ತದೆ, ಸ್ಪೀಕರ್ ಅದಕ್ಕೆ ತದ್ವಿರುದ್ಧವಾದ ಅಲೆಯನ್ನು ಹೊರಡಿಸಿ ಎರಡನ್ನೂ ಹೊಡೆದುಹಾಕುತ್ತದೆ. ಇದು ಎಎನ್‌ಆರ್, ಅಂದರೆ ಆ್ಯಕ್ಟಿವ್ ನಾಯ್ಸ್ ರಿಡಕ್ಷನ್.

ಎಎನ್‌ಆರ್ ಎಲ್ಲ ಸದ್ದನ್ನೂ ಅಳಿಸುತ್ತದೆ ಎಂಬುದು ತಪ್ಪು ತಿಳಿವಳಿಕೆ. 80 ಹರ್ಟ್ಸ್‌ನ ಅಲೆಯ ಉದ್ದ ನಾಲ್ಕು ಮೀಟರಿಗೂ ಹೆಚ್ಚು. ಬಟ್ಟಲೊಳಗೆ ಎಲ್ಲಿ ಅಳೆದರೂ ಅದು ಒಂದೇ ಹಂತದಲ್ಲಿರುವುದರಿಂದ ಎದುರಲೆ ಹೊಂದಿಸುವುದು ಸುಲಭ. 2,000 ಹರ್ಟ್ಸ್‌ಗೆ ಬಂದರೆ ಅಲೆ ಒಂದು ಗೇಣಿಗಿಂತಲೂ ಚಿಕ್ಕದು. ಮೈಕಿನಿಂದ ಕಿವಿಯ ತಮಟೆಗೆ ಇರುವ ಅಷ್ಟಿಷ್ಟು ದೂರದಲ್ಲೇ ಲೆಕ್ಕ ತಪ್ಪಿಹೋಗುತ್ತದೆ. ಹಾಗಾಗಿ ಎಎನ್‌ಆರ್ ಕೆಲಸ ಮಾಡುವುದು ಮುಖ್ಯವಾಗಿ ಕೆಲವು ನೂರು ಹರ್ಟ್ಸ್‌ವರೆಗೆ. ಅದರ ಮೇಲಿನದನ್ನು ತಡೆಯುವುದು ಬಟ್ಟಲು ಮತ್ತು ಮೆತ್ತೆಯೇ. ಪ್ಯಾಸಿವ್ ಬಟ್ಟಲಿನ ಪಾಡು ಇದಕ್ಕೆ ಉಲ್ಟಾ: ಎತ್ತರದ ಸದ್ದನ್ನು 30 ಡೆಸಿಬೆಲ್‌ಗೂ ಹೆಚ್ಚು ತಗ್ಗಿಸಬಲ್ಲದು, ನೂರರ ಆಸುಪಾಸಿನ ಗುಂಯ್‌ಗಾಟವನ್ನು ಹತ್ತು–ಹದಿನೈದರಷ್ಟು ಮಾತ್ರ. ಮೂರು ಗಂಟೆ ಹಾರಿ ಇಳಿದಾಗ ತಲೆ ಭಾರವಾಗಿ ಜೋಮು ಹಿಡಿದಂತಾಗಲು ಈ ಉಳಿದ ಗುಂಯ್‌ಗಾಟ ದೊಡ್ಡ ಕಾರಣ.

ಪೆಟ್ಟಿಗೆಯ ಮೇಲೆ ಬರೆದಿರುವ ಎನ್‌ಆರ್‌ಆರ್ (ನಾಯ್ಸ್ ರಿಡಕ್ಷನ್ ರೇಟಿಂಗ್) ಸಂಖ್ಯೆಯನ್ನು ಹೇಗೆ ಓದಬೇಕೆಂದೂ ತಿಳಿದಿರಲಿ. ಅದು ಅಳೆಯುವುದು ಮುಚ್ಚುವ ಶಕ್ತಿಯನ್ನು, ಎಎನ್‌ಆರ್ ಅದರಲ್ಲಿ ಸೇರುವುದಿಲ್ಲ. ಡೇವಿಡ್ ಕ್ಲಾರ್ಕ್ ಕಂಪನಿಯ ಎಚ್10-13.4 ಹೆಡ್‌ಸೆಟ್‌ನ ಎನ್‌ಆರ್‌ಆರ್ 23. ಹಾಗೆಂದು 95 ಡೆಸಿಬೆಲ್ ಕಾಕ್‌ಪಿಟ್‌ನಲ್ಲಿ ಕಿವಿಗೆ 72 ಮಾತ್ರ ಬೀಳುತ್ತದೆ ಎಂದುಕೊಂಡರೆ ಮೋಸ. ಪ್ರಯೋಗಾಲಯದ ಅಳತೆಗೂ ಬಳಕೆಗೂ ಅಂತರವಿದೆ ಎಂದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಯೋಶ್ ಕಿವಿಬಟ್ಟಲಿನ ಎನ್‌ಆರ್‌ಆರ್‌ನಲ್ಲಿ ಕಾಲುಭಾಗ ಕಳೆಯಲು ಹೇಳುತ್ತದೆ. ಗದ್ದಲವನ್ನು ‘ಎ’ ಮಾಪನದಲ್ಲಿ (ಮನುಷ್ಯನ ಕಿವಿಗೆ ಹೊಂದಿಸಿದ ಅಳತೆ) ಅಳೆದಿದ್ದರೆ ಇನ್ನೂ 7 ಕಳೆಯಬೇಕು. 23ರಲ್ಲಿ ಉಳಿಯುವುದು ಹತ್ತರಷ್ಟು, ಕಿವಿಗೆ ಬೀಳುವುದು 85. ಅದೇ ಸಂಸ್ಥೆಯ ಪ್ರಕಾರ ದಿನಕ್ಕೆ 8 ಗಂಟೆ ತಡೆದುಕೊಳ್ಳಬಹುದಾದ ಮಿತಿಯೂ 85. ಪ್ರತಿ 3 ಡೆಸಿಬೆಲ್ ಏರಿದಂತೆ ಸಮಯ ಅರ್ಧ: 88ಕ್ಕೆ 4 ಗಂಟೆ, 91ಕ್ಕೆ 2, 94ಕ್ಕೆ ಒಂದೇ ಗಂಟೆ. ರೇಡಿಯೋ ಮಾತಿನ ಸದ್ದು ಇದರ ಮೇಲೆ ಸೇರುತ್ತದೆ ಎಂಬುದನ್ನೂ ಮರೆಯಬಾರದು.

ಇನ್ನು ಆಯ್ಕೆಗೆ ಬರೋಣ.

ಎಚ್10-13.4 ಹಸಿರು ಬಣ್ಣದ, ದಶಕಗಳಿಂದ ತರಬೇತಿ ಶಾಲೆಗಳ ಮೊಳೆಗಳಿಗೆ ನೇತುಬಿದ್ದಿರುವ ಪ್ಯಾಸಿವ್ ಹೆಡ್‌ಸೆಟ್. ಅಮೆರಿಕದಲ್ಲಿ ಸುಮಾರು 400 ಡಾಲರ್. ಬ್ಯಾಟರಿ ಇಲ್ಲ. ಮೆತ್ತೆ, ತಲೆದಿಂಬು, ಮೈಕ್, ಕೇಬಲ್ ಎಲ್ಲವೂ ಬಿಡಿಯಾಗಿ ಸಿಗುತ್ತವೆ, ಸ್ಕ್ರೂಡ್ರೈವರ್ ಹಿಡಿಯಲು ಬಂದರೆ ಮನೆಯಲ್ಲೇ ಬದಲಿಸಬಹುದು. ತಲೆಯನ್ನು ಅಡಕತ್ತರಿಯಂತೆ ಹಿಡಿಯುತ್ತದೆ ಎಂಬ ದೂರು ನಿಜ. ಆ ಹಿಡಿತದಿಂದಲೇ ಸದ್ದು ತಡೆಯುವುದೂ ನಿಜ. ಮಾದರಿಯ ಹೆಸರಿನ ಕೊನೆಯ ಅಕ್ಷರ ನೋಡಿ ಕೊಳ್ಳಿ: ಎಚ್10-13ಎಸ್ ಸ್ಟೀರಿಯೊ, ಎಚ್10-13ಎಚ್ ಹೆಲಿಕಾಪ್ಟರಿನದು. ಆ ಒಂದು ಅಕ್ಷರ ತಪ್ಪಿದರೆ ಪ್ಲಗ್ಗೇ ಬೇರೆ ಬರುತ್ತದೆ.

ಎಎನ್‌ಆರ್‌ನಲ್ಲಿ ಬೋಸ್ ಹೆಸರು ಮೊದಲು ಬರಲು ಚರಿತ್ರೆಯ ಕಾರಣವೂ ಇದೆ. ಕಂಪನಿಯ ಸ್ಥಾಪಕ, ಬಂಗಾಳಿ ತಂದೆಯ ಮಗ ಅಮರ್ ಬೋಸ್ 1978ರಲ್ಲಿ ಜ್ಯೂರಿಕ್‌ನಿಂದ ಬಾಸ್ಟನ್‌ಗೆ ಹಾರುತ್ತಿದ್ದಾಗ ವಿಮಾನದ ಗದ್ದಲದಲ್ಲಿ ಸಂಗೀತ ಕೇಳಿಸದೆ ಈ ಲೆಕ್ಕ ಹಾಕಲು ಕುಳಿತರು. 1986ರಲ್ಲಿ ಎಲ್ಲೂ ಇಳಿಯದೆ ಭೂಮಿ ಸುತ್ತಿದ ವಾಯೇಜರ್‌ನ ಪೈಲಟ್‌ಗಳ ಕಿವಿಯಲ್ಲಿ ಇದ್ದದ್ದು ಅದರ ಪ್ರಾಯೋಗಿಕ ರೂಪ. ಮಾರುಕಟ್ಟೆಗೆ ಬಂದದ್ದು 1989ರಲ್ಲಿ. ಈಗಿನ ಮಾದರಿ 2023ರ ಎ30: 404 ಗ್ರಾಂ, ಸುಮಾರು 1,300 ಡಾಲರ್, ಎರಡು ಎಎ ಸೆಲ್‌ಗೆ ಸುಮಾರು 45 ಗಂಟೆ. ಇದರ ಹಿಡಿತ ಹಿಂದಿನ ಎ20ಗಿಂತ ಶೇ. 20ರಷ್ಟು ಸಡಿಲ. ಗದ್ದಲ ಅಳಿಸುವ ಪ್ರಮಾಣವನ್ನು ಮೂರು ಹಂತಗಳಲ್ಲಿ ಬದಲಿಸಬಹುದು. ಎ20 ಇದಕ್ಕಿಂತ ಹಗುರ, 340 ಗ್ರಾಂ. ಸುಸ್ಥಿತಿಯ ಹಳೆಯ ಎ20 ಸಿಕ್ಕರೆ ಬಿಡುವಂಥದ್ದಲ್ಲ.

ಲೈಟ್‌ಸ್ಪೀಡ್‌ನ ಜುಲು 3 ಸುಮಾರು 900 ಡಾಲರ್, ವಾರಂಟಿ ಏಳು ವರ್ಷ, ಕೇಬಲ್ಲಿನ ಒಳಗೆ ಸುಲಭಕ್ಕೆ ಹರಿಯದ ಕೆವ್ಲಾರ್ ಎಳೆ. ಕೇಬಲ್ ತುಳಿಸಿಕೊಳ್ಳುವುದು, ಬಾಗಿಲಿಗೆ ಸಿಕ್ಕಿಹಾಕಿಕೊಳ್ಳುವುದು ತರಬೇತಿಯಲ್ಲಿ ದಿನನಿತ್ಯದ ಮಾತಾದ್ದರಿಂದ ಇದನ್ನು ಸಣ್ಣ ಗುಣವೆಂದು ತಳ್ಳಿಹಾಕಲಾಗದು. ಅದೇ ಕಂಪನಿಯ ಡೆಲ್ಟಾ ಜುಲುವಿನಲ್ಲಿ ಕಾರ್ಬನ್ ಮೊನಾಕ್ಸೈಡ್ ಪತ್ತೆಹಚ್ಚುವ ಸಂವೇದಕವಿದೆ. ಒಂಟಿ ಎಂಜಿನ್ ವಿಮಾನಗಳಲ್ಲಿ ಎಕ್ಸಾಸ್ಟ್ ಕೊಳವೆ ಬಿರುಕುಬಿಟ್ಟರೆ ಈ ವಾಸನೆಯಿಲ್ಲದ ಅನಿಲ ಹೀಟರ್ ಮೂಲಕ ಒಳಬರುತ್ತದೆ. ಚಳಿ ಸೀಮೆಯಲ್ಲಿ ಹಾರುವ ಪೈಲಟ್‌ಗೆ ಅದಕ್ಕೆ ಹೆಚ್ಚಿನ ಹಣ ಕೊಡುವುದು ತಕ್ಕದ್ದು. ಹೀಟರ್ ಗುಂಡಿ ಮುಟ್ಟುವ ಪ್ರಸಂಗವೇ ಅಪರೂಪವಾದ ಕಲಬುರಗಿಯಲ್ಲಿ ಅಷ್ಟು ತುರ್ತಿಲ್ಲ.

ಕಿವಿಯೊಳಗೆ ಇಡುವ ಕ್ಲ್ಯಾರಿಟಿ ಅಲಾಫ್ಟ್‌ನಂಥವು ಇನ್ನೊಂದು ಬಗೆ. ಫೋಮ್ ಬಿರಡೆಯ ನಡುವೆ ಸದ್ದಿನ ಕೊಳವೆ, ಬ್ಯಾಟರಿ ಬೇಡ, ತಲೆಯ ಮೇಲೆ ಭಾರವೇ ಇಲ್ಲ. ಕನ್ನಡಕದವರಿಗೆ, ಸೆಕೆಯ ಊರಿನವರಿಗೆ ಇದು ವರ. ತೊಂದರೆ ಎರಡು: ಪ್ರತಿ ಸಲ ಬಿರಡೆಯನ್ನು ಹೊಸೆದು ಸರಿಯಾಗಿ ಒಳಗಿಡಬೇಕು, ಅರ್ಧ ಹೋದರೆ ರಕ್ಷಣೆಯೂ ಅರ್ಧ. ಜೊತೆಗೆ ಇನ್ನೊಬ್ಬರೊಡನೆ ಹಂಚಿಕೊಳ್ಳುವ ಮಾತಿಲ್ಲ. ಬೋಸ್ ಪ್ರೋಫ್ಲೈಟ್ 128 ಗ್ರಾಂ ಮಾತ್ರ ತೂಗುತ್ತದೆ, ಕಿವಿಯಂಚಿನಲ್ಲಿ ಕೂರುತ್ತದೆ. ಆದರೆ ಅದನ್ನು ಮಾಡಿರುವುದು ಜೆಟ್ಟಿನ ಕಾಕ್‌ಪಿಟ್‌ಗೆ. ‘ಹಗುರವಾಗಿದೆ, ಮುಂದೆ ಏರ್‌ಲೈನ್‌ಗೂ ಆಗುತ್ತದೆ’ ಎಂದು ವಿದ್ಯಾರ್ಥಿ ದೆಸೆಯಲ್ಲೇ ಕೊಂಡು 172ರಲ್ಲಿ ಹಾಕಿಕೊಂಡರೆ ಹಣವೂ ಹೋಯಿತು, ಕಿವಿಯೂ ಹೋಯಿತು. ಏರ್‌ಲೈನ್ ಸೇರಿದ ಮೇಲೂ ಯಾವ ಹೆಡ್‌ಸೆಟ್ ನಡೆಯುತ್ತದೆಂದು ಹೇಳುವುದು ಆ ಕಂಪನಿಯ ಕಾರ್ಯಾಚರಣೆ ಕೈಪಿಡಿ. ಅದನ್ನು ನೋಡದೆ ಕೊಳ್ಳಬೇಡಿ.

ರೋಟ್ಯಾಕ್ಸ್ 912 ಎಂಜಿನ್ ಕೂಡಿಸಿದ ಮೈಕ್ರೋಲೈಟ್‌ನ (ತೀರಾ ಹಗುರದ ಪುಟ್ಟ ವಿಮಾನ) ಗದ್ದಲದ ಸ್ವಭಾವವೇ ಬೇರೆ. ಸುತ್ತನ್ನು 2.43 ಪಟ್ಟು ತಗ್ಗಿಸುವ ಗೇರ್ ಇರುವ ಎಂಜಿನ್ ನಿಮಿಷಕ್ಕೆ 5,000 ಸುತ್ತಿನಲ್ಲಿ ಓಡುವಾಗ ಮೂರು ಅಲಗಿನ ಪ್ರೊಪೆಲರ್ 103 ಹರ್ಟ್ಸ್ ಹೊಡೆಯುತ್ತದೆ, ಎಂಜಿನ್ ಸಿಡಿತ 167 ಹರ್ಟ್ಸ್. ಇವೂ ಎಎನ್‌ಆರ್ ಹಿಡಿತದೊಳಗೇ ಇವೆ. ಆದರೆ ಬಾಗಿಲಿಲ್ಲದ ಅಥವಾ ತೆರೆದ ಯಂತ್ರದಲ್ಲಿ ಗಾಳಿಯ ಭೋರ್ಗರೆತವೇ ಮುಖ್ಯ. ಅಲ್ಲಿ ಒಳ್ಳೆಯ ಮೆತ್ತೆಯ ಪ್ಯಾಸಿವ್ ಬಟ್ಟಲಿರುವ ಹೆಲ್ಮೆಟ್, ಅದರ ಮೈಕಿಗೆ ದಪ್ಪ ಫೋಮ್ ಟೋಪಿ, ಇವು ದುಬಾರಿ ಎಎನ್‌ಆರ್‌ಗಿಂತ ಹೆಚ್ಚು ಕೆಲಸಕ್ಕೆ ಬರುತ್ತವೆ.

ಇಷ್ಟೂ ಹೇಳಿದ ಮೇಲೆ ಒಂದು ನಿರ್ಧಾರ ಹೇಳಬೇಕಲ್ಲ. ವಾಣಿಜ್ಯ ಪೈಲಟ್ ಲೈಸೆನ್ಸಿಗೆ ಬೇಕಾದ 200 ಗಂಟೆ ಮುಗಿಸಿ ಮುಂದೆಯೂ ಹಾರುವವರಾದರೆ ಮಧ್ಯಮ ಬೆಲೆಯ, ಹೆಸರಿರುವ ಕಂಪನಿಯ ಎಎನ್‌ಆರ್ ಕೊಳ್ಳಿ. ಹಣ ಅಷ್ಟಿಲ್ಲದಿದ್ದರೆ ಹೆಸರಿಲ್ಲದ ಅಗ್ಗದ ಎಎನ್‌ಆರ್‌ಗಿಂತ ಒಳ್ಳೆಯ ಪ್ಯಾಸಿವ್ ಮೇಲು. ಅಗ್ಗದ ಎಎನ್‌ಆರ್‌ಗಳಲ್ಲಿ ಬಟ್ಟಲು ತೆಳು, ಮೆತ್ತೆ ಪೊಳ್ಳು. ಬ್ಯಾಟರಿ ಮುಗಿದ ಗಳಿಗೆಯಲ್ಲಿ ಅವುಗಳ ನಿಜಬಣ್ಣ ಬಯಲಾಗುತ್ತದೆ. ಪ್ಯಾಸಿವ್ ಸಾಲದೆನಿಸಿದರೆ ಅದರ ಕೆಳಗೆ ಔಷಧಿ ಅಂಗಡಿಯಲ್ಲಿ ಸಿಗುವ ಫೋಮ್ ಇಯರ್‌ಪ್ಲಗ್ ಹಾಕಿ ವಾಲ್ಯೂಮ್ ಏರಿಸಿಕೊಳ್ಳಿ. ಗದ್ದಲವೂ ಮಾತೂ ಸಮನಾಗಿ ತಗ್ಗುವುದರಿಂದ ಮಾತು ತಿಳಿಯುವುದು ಕೆಡುವುದಿಲ್ಲ.

ಎಎನ್‌ಆರ್‌ಗೆ ಒಂದು ಕಳಂಕವೂ ಇದೆ. ಎಂಜಿನ್ ಒರಟಾಗಿ ಓಡುವ ಮೊದಲ ಸುಳಿವು, ಕಳಚಿಕೊಂಡ ಕೌಲಿಂಗ್‌ನ (ಎಂಜಿನ್ ಮುಚ್ಚಳ) ಬಡಿತ, ಆಡಿಯೋ ಪ್ಯಾನೆಲ್ ಮೂಲಕ ಬಾರದೆ ನೇರ ಗಾಳಿಯಲ್ಲೇ ಬರುವ ಎಚ್ಚರಿಕೆಯ ಸದ್ದು, ಇವೂ ಮಂಕಾಗಬಹುದು. ಅಮೆರಿಕದ ವಿಮಾನಯಾನ ನಿಯಂತ್ರಕ ಎಫ್‌ಎಎ 2007ರಲ್ಲೇ ಈ ಬಗ್ಗೆ ಎಚ್ಚರಿಸಿ ಮಾಹಿತಿಪತ್ರ ಹೊರಡಿಸಿತ್ತು. ಹೊಸ ಹೆಡ್‌ಸೆಟ್ ಹಾಕಿದ ಮೊದಲ ಹಾರಾಟದಲ್ಲಿ ಬೋಧಕರ ಜೊತೆ ಸ್ಟಾಲ್ (ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವ ಸ್ಥಿತಿ) ಅಭ್ಯಾಸ ಮಾಡಿ, ರೆಕ್ಕೆಯ ಸ್ಟಾಲ್ ಹಾರ್ನ್ ಕೇಳುತ್ತದೆಯೇ ಎಂದು ಖಚಿತ ಮಾಡಿಕೊಳ್ಳಿ.

ಮೆತ್ತೆ, ಕನ್ನಡಕ, ಬೆವರು

ಸಾವಿರ ಡಾಲರಿನ ಹೆಡ್‌ಸೆಟ್ಟನ್ನು ಕೆಡಿಸಲು ದಪ್ಪ ಕಡ್ಡಿಯ ಕನ್ನಡಕವೊಂದು ಸಾಕು. ಕಡ್ಡಿ ಮೆತ್ತೆಯನ್ನು ಎತ್ತಿಹಿಡಿದು ಕಿವಿಯ ಹಿಂದೆ ಸಂದು ಮಾಡುತ್ತದೆ, ಗದ್ದಲ ಅಲ್ಲಿಂದ ಸುರಿಯುತ್ತದೆ. ಎಎನ್‌ಆರ್ ಆದರೆ ಆ ಸಂದಿನಿಂದಾಗಿ ತಲೆ ತಿರುಗಿಸಿದಾಗೆಲ್ಲ ಗುಡುಗಿದಂತೆ, ಟಪ್ಪೆಂದಂತೆ ಸದ್ದು ಮಾಡುವುದೂ ಉಂಟು. ಹಾರುವಾಗ ತೆಳು ತಂತಿಯ, ನೇರ ಕಡ್ಡಿಯ ಕನ್ನಡಕ ಹಾಕಿ. ಟೋಪಿ ಹಾಕುವವರು ಅದರ ಅಂಚು ಮೆತ್ತೆಯ ಕೆಳಗೆ ಸಿಗದಂತೆ ನೋಡಿಕೊಳ್ಳಿ. ಕೂದಲನ್ನೂ ಮೆತ್ತೆಯ ಹೊರಗೆ ಸರಿಸಿ.

ಜೆಲ್ ಮೆತ್ತೆ ಮುಖದ ಉಬ್ಬುತಗ್ಗಿಗೆ ಚೆನ್ನಾಗಿ ಹೊಂದುತ್ತದೆ, ಆದರೆ ಭಾರ, ಒಡೆದರೆ ಅಂಟು ಸೋರುತ್ತದೆ. ಫೋಮ್ ಹಗುರ, ಬೆವರು ಕುಡಿದು ಬೇಗ ಗಟ್ಟಿಯಾಗುತ್ತದೆ. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಎರಡಕ್ಕೂ ಹತ್ತಿಯ ಬಟ್ಟೆಯ ಹೊದಿಕೆ ತೊಡಿಸುವುದು ಒಳ್ಳೆಯದು, ತುಸು ಸದ್ದು ಹೆಚ್ಚು ನುಸುಳಿದರೂ ಪರವಾಗಿಲ್ಲ. ವಾರಕ್ಕೆ ಐದು ದಿನ ಹಾರುವವರು ವರ್ಷಕ್ಕೊಮ್ಮೆ ಮೆತ್ತೆ ಬದಲಿಸಬೇಕು. ‘ಹೆಡ್‌ಸೆಟ್ ಹಳೆಯದಾಯಿತು, ಮೊದಲಿನಂತಿಲ್ಲ’ ಎನ್ನುವವರ ಹೆಡ್‌ಸೆಟ್‌ಗೆ ಹೊಸ ಮೆತ್ತೆ ಹಾಕಿ ನೋಡಿದರೆ ಸಾಮಾನ್ಯವಾಗಿ ಮೊದಲಿನಂತೆಯೇ ಆಗುತ್ತದೆ.

ಮೈಕ್ ಎಲ್ಲಿರಬೇಕು

ಗದ್ದಲ ತಡೆಯುವ ಮೈಕಿಗೆ ಮುಂದೆ ಒಂದು, ಹಿಂದೆ ಒಂದು ಕಿಂಡಿ ಇರುತ್ತದೆ. ದೂರದ ಗದ್ದಲ ಎರಡಕ್ಕೂ ಸಮನಾಗಿ ತಲುಪಿ ರದ್ದಾಗುತ್ತದೆ. ಹತ್ತಿರದ ಮಾತು ಮುಂದಿನ ಕಿಂಡಿಗಷ್ಟೇ ಜೋರಾಗಿ ಬೀಳುತ್ತದೆ. ಈ ಉಪಾಯ ಫಲಿಸಬೇಕಾದರೆ ಮೈಕ್ ತುಟಿಯಿಂದ 3ರಿಂದ 6 ಮಿ.ಮೀ. ದೂರದಲ್ಲಿ, ಬಾಯಿಯ ಮೂಲೆಗೆ ಇರಬೇಕು. ತುಟಿ ಚಾಚಿದರೆ ತಾಗುವಷ್ಟು ಹತ್ತಿರ. ಗಲ್ಲದ ಕೆಳಗೆ ಇಳಿಬಿಟ್ಟರೆ ಟವರ್‌ನವರಿಗೆ ಎಂಜಿನ್ ಕೇಳುತ್ತದೆ, ನೀವು ಕೇಳುವುದಿಲ್ಲ. ಚುಕ್ಕೆ ಅಥವಾ ಬರಹದ ಗುರುತಿರುವ ಮಗ್ಗುಲು ಬಾಯಿಯ ಕಡೆಗಿರಬೇಕು. ಮೈಕ್ ಹಿಡಿದಿರುವ ಕಡ್ಡಿಯಾದ ಬೂಮ್ಮನ್ನು ಎಡದಿಂದ ಬಲಕ್ಕೆ ತಿರುಗಿಸಿದಾಗ ಇದು ಉಲ್ಟಾ ಆಗುವುದನ್ನು ಯಾರೂ ಗಮನಿಸುವುದಿಲ್ಲ. ಫೋಮ್ ಟೋಪಿಯಿಲ್ಲದೆ ಹಾರಬೇಡಿ, ‘ಪ’ ‘ಬ’ ಅಕ್ಷರಗಳ ಊದಿಗೆ ಇಂಟರ್‌ಕಾಮ್ ತೆರೆದುಕೊಳ್ಳುತ್ತದೆ. ಕೆಲವು ಮೈಕ್‌ಗಳ ಪುಟ್ಟ ತೂತಿನೊಳಗೆ ಮೈಕಿನ ಸದ್ದು ಹೆಚ್ಚುಕಡಿಮೆ ಮಾಡುವ ಗೇನ್ ಸ್ಕ್ರೂ ಇರುತ್ತದೆ. ಅದನ್ನು ಕೊನೆಯ ಉಪಾಯವೆಂದು ಇಟ್ಟುಕೊಳ್ಳಿ.

ಇಂಟರ್‌ಕಾಮ್

ಹಳೆಯ ಸೆಸ್ನಾ 150ರಂಥವುಗಳಲ್ಲಿ ಇಂಟರ್‌ಕಾಮ್ ಇರುತ್ತಲೇ ಇರಲಿಲ್ಲ. ಕೈಮೈಕ್, ಚಾವಣಿಯ ಸ್ಪೀಕರ್, ಬೋಧಕರ ಕೂಗು, ಇಷ್ಟೇ. ಇಂದು ಎರಡು ದಾರಿ: ಕೈಯಲ್ಲಿ ಒಯ್ಯುವ ಪೆಟ್ಟಿಗೆ ಅಥವಾ ಪ್ಯಾನೆಲ್‌ಗೆ ಕೂಡಿಸಿದ್ದು.

ಒಯ್ಯುವ ಇಂಟರ್‌ಕಾಮ್ 9 ವೋಲ್ಟಿನ ಬ್ಯಾಟರಿಯಿಂದಲೋ ಸಿಗರೇಟ್ ಲೈಟರ್ ಸಾಕೆಟ್‌ನಿಂದಲೋ ಓಡುತ್ತದೆ. ಅದರ ಬಾಲವನ್ನು ವಿಮಾನದ ಪೈಲಟ್ ಜ್ಯಾಕ್‌ಗೆ ಸಿಕ್ಕಿಸಿ, ಹೆಡ್‌ಸೆಟ್‌ಗಳನ್ನು ಪೆಟ್ಟಿಗೆಗೆ ಸಿಕ್ಕಿಸಿ, ಪಿಟಿಟಿ ಗುಂಡಿಯನ್ನು (ಒತ್ತಿದರೆ ರೇಡಿಯೋದಲ್ಲಿ ಮಾತು ಹೋಗುವುದು) ವೆಲ್ಕ್ರೋ ಪಟ್ಟಿಯಿಂದ ಯೋಕ್‌ಗೆ (ವಿಮಾನ ನಡೆಸುವ ಹಿಡಿ) ಕಟ್ಟಿದರೆ ಮುಗಿಯಿತು. ವಿಮಾನದ ಒಡಲಿಗೆ ಕೈಹಚ್ಚದ ಕಾರಣ ಕಾಗದಪತ್ರದ ರಗಳೆಯಿಲ್ಲ. ಬದಲಿಗೆ ಕೇಬಲ್ಲುಗಳ ಜೇಡರಬಲೆ ನಿಮ್ಮ ತೊಡೆಯ ಮೇಲೆ. ಅದರ ಒಂದು ಎಳೆಯೂ ರಡ್ಡರ್ ಪೆಡಲ್ ಅಥವಾ ಟ್ರಿಮ್ ಚಕ್ರದ ಬಳಿ ಸುಳಿಯಬಾರದು.

ಪ್ಯಾನೆಲ್ ಇಂಟರ್‌ಕಾಮ್ ಕೂಡಿಸುವುದು ವಿಮಾನದ ಮಾರ್ಪಾಡು. ಭಾರತದಲ್ಲಿ ಅದು ವಿಮಾನಯಾನ ನಿಯಂತ್ರಕ ಡಿಜಿಸಿಎ ನಿಯಮದಡಿ, ಅನುಮೋದಿತ ನಿರ್ವಹಣಾ ಸಂಸ್ಥೆಯಲ್ಲೇ ಆಗಬೇಕು. ಆಯ್ಕೆ ಮಾಡುವಾಗ ನೋಡಬೇಕಾದವುಗಳಲ್ಲಿ ಮೊದಲನೆಯದು ಫೇಲ್‌ಸೇಫ್: ಇಂಟರ್‌ಕಾಮ್ ಆಫ್ ಮಾಡಿದರೂ ಸುಟ್ಟುಹೋದರೂ ಪೈಲಟ್‌ನ ಹೆಡ್‌ಸೆಟ್ ತಾನಾಗಿ ರೇಡಿಯೋಕ್ಕೆ ನೇರ ಸೇರಬೇಕು. ಪಿಎಸ್ ಎಂಜಿನಿಯರಿಂಗ್‌ನ ಪಿಎಂ1000II ಅಂಥದ್ದು, ನಾಲ್ವರಿಗೆ, ಮೋನೊ. ಎಡಗಡೆ ಸೀಟಿನವರಿಗೆ ಈ ಏರ್ಪಾಡು ಇರುತ್ತದೆ, ಬಲಗಡೆಯವರಿಗೆ ಬಹುತೇಕ ಇಲ್ಲ. ಬೋಧಕರು ಇದನ್ನು ನೆನಪಿಟ್ಟಿರಬೇಕು.

ಎರಡನೆಯದು ಸ್ಕ್ವೆಲ್ಚ್. ಎಲ್ಲರ ಮೈಕೂ ಸದಾ ತೆರೆದಿದ್ದರೆ ನಾಲ್ಕು ಮೈಕಿನ ಗದ್ದಲ ಎಲ್ಲರ ಕಿವಿಗೂ ಸುರಿಯುತ್ತದೆ. ಅದಕ್ಕೆ ಮಾತಾಡಿದಾಗ ಮಾತ್ರ ತೆರೆಯುವ ಬಾಗಿಲಿಟ್ಟಿದ್ದಾರೆ. ಸಿಗ್‌ಟ್ರಾನಿಕ್ಸ್ ಎಸ್‌ಪಿಎ-400ರಂಥ ಹಳೆಯ ಬಗೆಯಲ್ಲಿ ಇದನ್ನು ಗುಂಡಿ ತಿರುಗಿಸಿ ಕೈಯಲ್ಲೇ ಹೊಂದಿಸಬೇಕು. ಕ್ರಮ ಹೀಗೆ: ಕ್ರೂಸ್ ಪವರ್‌ಗೆ (ಏರಿಕೆ ಮುಗಿದ ಮೇಲಿನ ಸಮಮಟ್ಟದ ಹಾರಾಟ) ಬಂದ ಮೇಲೆ, ಯಾರೂ ಮಾತಾಡದಿರುವಾಗ, ಮೊರೆತ ಪಕ್ಕನೆ ನಿಲ್ಲುವವರೆಗೆ ಗುಂಡಿ ತಿರುಗಿಸಿ, ಅಲ್ಲಿಗೆ ನಿಲ್ಲಿಸಿ. ನೆಲದ ಮೇಲೆ ಎಂಜಿನ್ ಮೆಲ್ಲಗೆ ಓಡುವಾಗ ಹೊಂದಿಸಿದ್ದು ಟೇಕಾಫ್‌ನಲ್ಲಿ ಉಳಿಯುವುದಿಲ್ಲ. ತೀರಾ ಬಿಗಿ ಮಾಡಿದರೆ ವಾಕ್ಯದ ಮೊದಲ ಅಕ್ಷರ ನುಂಗಿಹೋಗುತ್ತದೆ, ‘ಬಲಕ್ಕೆ’ ಎಂದದ್ದು ‘ಲಕ್ಕೆ’ ಎಂದು ಕೇಳುತ್ತದೆ. ಪಿಎಸ್ ಎಂಜಿನಿಯರಿಂಗ್‌ನ ಇಂಟೆಲಿವಾಕ್ಸ್‌ನಲ್ಲಿ ಪ್ರತಿ ಮೈಕಿಗೂ ಬೇರೆ ಬಾಗಿಲು, ತಾನೇ ಹೊಂದಿಕೊಳ್ಳುತ್ತದೆ. ವಿದ್ಯಾರ್ಥಿಗಳು ಗಂಟೆಗೊಬ್ಬರಂತೆ ಬದಲಾಗುವ ವಿಮಾನಕ್ಕೆ ಇದೇ ಸರಿ.

ಮೂರನೆಯದು ಬೇರ್ಪಡಿಸುವ ಸ್ವಿಚ್. ಪಿಎಂ1000IIರಲ್ಲಿ ಐಸೋ, ಆಲ್, ಕ್ರೂ ಎಂಬ ಮೂರು ಹಂತಗಳಿವೆ. ಐಸೋದಲ್ಲಿ ಪೈಲಟ್ ರೇಡಿಯೋಕ್ಕೆ ಒಬ್ಬಂಟಿ, ಉಳಿದವರು ತಮ್ಮತಮ್ಮಲ್ಲೇ ಮಾತಾಡಬಹುದು. ಕ್ರೂ ಎಂದರೆ ಮುಂದಿನ ಇಬ್ಬರು ಒಂದು ಕಡೆ, ಹಿಂದಿನವರು ಬೇರೆ. ಟೇಕಾಫ್, ಲ್ಯಾಂಡಿಂಗ್ ಹೊತ್ತಿಗೆ ಹಿಂದಿನ ಸೀಟಿನ ಮಾವ ‘ಅದು ನಮ್ಮ ಲೇಔಟ್ ಅಲ್ವಾ’ ಎಂದು ಕೇಳದಿರಲು ಇದಕ್ಕಿಂತ ಮರ್ಯಾದೆಯ ದಾರಿಯಿಲ್ಲ.

ಸ್ಟೀರಿಯೊ ಬೇಕೇ? ಸಂಗೀತಕ್ಕಾದರೆ ಮಾತ್ರ. ಆದರೆ ಮೋನೊ–ಸ್ಟೀರಿಯೊ ಬೆರಕೆ ತರುವ ತಾಪತ್ರಯ ಎಲ್ಲರಿಗೂ ತಿಳಿದಿರಬೇಕು. ಸ್ಟೀರಿಯೊ ಹೆಡ್‌ಸೆಟ್ಟನ್ನು ಮೋನೊ ಜ್ಯಾಕ್‌ಗೆ ಹಾಕಿದರೆ ಪ್ಲಗ್ಗಿನ ನಡುವಿನ ಉಂಗುರ ನೆಲದ (ಗ್ರೌಂಡ್) ತಂತಿಗೆ ತಾಗಿ ಒಂದು ಕಿವಿ ಮೌನವಾಗುತ್ತದೆ. ಹೆಡ್‌ಸೆಟ್‌ನಲ್ಲಿರುವ ಪುಟ್ಟ ಸ್ವಿಚ್ಚನ್ನು ಮೋನೊಗೆ ಸರಿಸಿದರೆ ಸರಿ. ಮೋನೊ ಹೆಡ್‌ಸೆಟ್ಟನ್ನು ಸ್ಟೀರಿಯೊ ಜ್ಯಾಕ್‌ಗೆ ಹಾಕುವುದು ಹೆಚ್ಚು ಕಿರಿಕಿರಿ. ಅದು ಇಂಟರ್‌ಕಾಮ್‌ನ ಒಂದು ಚಾನೆಲ್ಲನ್ನೇ ಶಾರ್ಟ್ ಮಾಡುತ್ತದೆ, ಕೆಲವು ವಿಮಾನಗಳಲ್ಲಿ ಪಕ್ಕದವರ ಒಂದು ಕಿವಿಯೂ ಸುಮ್ಮನಾಗುತ್ತದೆ. ಆಮೇಲೆ ಪಕ್ಕದವರು ತಮ್ಮ ಹೆಡ್‌ಸೆಟ್ ಕೆಟ್ಟಿತೆಂದು ರಿಪೇರಿಗೆ ಕಳಿಸುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ವಾಲ್ಯೂಮ್ ಹೊಂದಿಸುವುದಕ್ಕೂ ಒಂದು ಕ್ರಮವಿದೆ. ಹೆಡ್‌ಸೆಟ್‌ನ ಎರಡೂ ಬದಿಯ ಗುಂಡಿಗಳನ್ನು ಮುಕ್ಕಾಲು ಪಾಲಿಗೆ ಇಟ್ಟು, ರೇಡಿಯೋದ ಸದ್ದನ್ನು ಹೊಂದಿಸಿ, ಕೊನೆಗೆ ಇಂಟರ್‌ಕಾಮ್ ಸದ್ದನ್ನು ರೇಡಿಯೋಕ್ಕಿಂತ ತುಸು ಕೆಳಗಿಡಿ. ಟವರ್ ಕರೆದದ್ದು ಹಿಂದಿನ ಸೀಟಿನ ಹರಟೆಯಲ್ಲಿ ಮುಳುಗಬಾರದು. ಬ್ಲೂಟೂತ್ ಹಾಡಿದ್ದರೆ ರೇಡಿಯೋ ಬಂದಾಗ ಅದು ತಾನಾಗಿ ತಗ್ಗುವ ಆಯ್ಕೆಯಲ್ಲೇ ಇರಲಿ. ತರಬೇತಿಯಲ್ಲಿ ಹಾಡೇ ಬೇಡ.

ಕೆಟ್ಟದ್ದು ಯಾವುದೆಂದು ಕಂಡುಹಿಡಿಯುವುದು

ಟವರ್‌ನವರು ‘ಕ್ಯಾರಿಯರ್ ಮಾತ್ರ ಬರುತ್ತಿದೆ, ಮಾತಿಲ್ಲ’ ಎಂದರೆ ಮೊದಲು ಮೈಕ್ ಪ್ಲಗ್ಗನ್ನು ಒತ್ತಿ ನೋಡಿ. ಅರ್ಧ ಹೊರಬಂದಿರುತ್ತದೆ. ಯೋಕ್ ಗುಂಡಿ ರೇಡಿಯೋವನ್ನು ಚಾಲೂ ಮಾಡುತ್ತದೆ, ಮಾತಿನ ತಂತಿ ಮಾತ್ರ ತಾಗಿರುವುದಿಲ್ಲ. ರೇಡಿಯೋದಲ್ಲಿ ಪ್ರಸಾರದ ಗುರುತು ಆರದೇ ಉಳಿದರೆ ಪಿಟಿಟಿ ಸಿಕ್ಕಿಹಾಕಿಕೊಂಡಿದೆ. ಇಡೀ ಫ್ರೀಕ್ವೆನ್ಸಿಯನ್ನು ಅದು ಮುಚ್ಚಿಬಿಡುವುದರಿಂದ ತಡಮಾಡದೆ ಆ ಬದಿಯ ಮೈಕ್ ಪ್ಲಗ್ ಕಿತ್ತು ನೋಡಿ. ಗುಂಡಿಯ ತಂತಿ ಪ್ಲಗ್ ಮೂಲಕ ಹೋಗುವ ಪಿಟಿಟಿ ಆದರೆ ನಿಲ್ಲುತ್ತದೆ, ಇಲ್ಲದಿದ್ದರೆ ಆ ರೇಡಿಯೋ ಬಂದ್ ಮಾಡಿ ಇನ್ನೊಂದಕ್ಕೆ ಹೋಗಿ.

ಎಂಜಿನ್ ಸುತ್ತು ಏರಿದಂತೆ ಏರುವ ಸಣ್ಣ ಕೀರಲು ಸದ್ದು ವಿದ್ಯುತ್ತು ಹುಟ್ಟಿಸುವ ಆಲ್ಟರ್ನೇಟರ್‌ನದು. ಆಲ್ಟರ್ನೇಟರ್ ಸ್ವಿಚ್ ಕ್ಷಣಕಾಲ ಆರಿಸಿದಾಗ ಅದು ನಿಂತರೆ ಹೆಡ್‌ಸೆಟ್‌ನ ದೋಷವಲ್ಲ. ಫಿಲ್ಟರ್, ಡಯೋಡ್ ಅಥವಾ ನೆಲದ ತಂತಿಯ ಸಮಸ್ಯೆ. ಲೋಹದ ವಿಮಾನಗಳಲ್ಲಿ ಜ್ಯಾಕ್ ಕೂಡಿಸುವಾಗ ಅದು ಒಡಲಿಗೆ ತಾಗದಂತೆ ಫೈಬರ್ ವಾಷರ್ ಹಾಕಬೇಕು. ಅದು ಒಡೆದರೂ, ಹಾಕಲು ಮರೆತರೂ ಜ್ಯಾಕ್‌ಗೆ ಎರಡು ಕಡೆಯಿಂದ ನೆಲ ಸಿಕ್ಕಿ ಈ ಕೀರಲು ಶುರುವಾಗುತ್ತದೆ. ಶೀಲ್ಡ್ ತಂತಿಯ ಜಾಲರಿಯನ್ನು ಒಂದೇ ತುದಿಯಲ್ಲಿ ನೆಲಕ್ಕೆ ಸೇರಿಸುವುದೂ ಇದೇ ಕಾರಣಕ್ಕೆ. ಐದು ರೂಪಾಯಿಯ ವಾಷರಿಗಾಗಿ ಹೆಡ್‌ಸೆಟ್ ಬದಲಿಸಿದವರ ಸಾಲು ಉದ್ದವಿದೆ.

ಒಬ್ಬರಿಗೆ ಜೋರು, ಪಕ್ಕದವರಿಗೆ ಮೆಲ್ಲಗೆ ಕೇಳಿದರೆ ಎರಡು ಹೆಡ್‌ಸೆಟ್‌ಗಳ ಓಮ್ ಬೇರೆ ಇರಬಹುದು. ಎರಡೂ ಒಂದೇ ಸಾಲಿಗೆ ಜೋಡಿಯಾದಾಗ ಹೀಗಾಗುತ್ತದೆ, ಹೆಡ್‌ಸೆಟ್‌ನ ಗುಂಡಿಯಲ್ಲೇ ಸರಿಮಾಡಿ. ಯಾವ ಸಂಶಯಕ್ಕೂ ಸುಲಭ ಪರೀಕ್ಷೆ ಒಂದೇ: ಎರಡು ಹೆಡ್‌ಸೆಟ್‌ಗಳ ಜ್ಯಾಕ್ ಅದಲುಬದಲು ಮಾಡಿ. ದೋಷ ಹೆಡ್‌ಸೆಟ್ ಹಿಂದೆ ಹೋದರೆ ಹೆಡ್‌ಸೆಟ್‌ನದು, ಸೀಟಿನಲ್ಲೇ ಉಳಿದರೆ ವಿಮಾನದ್ದು.

ಕೊಳ್ಳುವ ದಿನ

ಅಂಗಡಿಯಲ್ಲಿ ಎರಡು ನಿಮಿಷ ಹಾಕಿಕೊಂಡರೆ ಏನೂ ತಿಳಿಯದು. ನೆತ್ತಿಯ ಮೇಲಿನ ಒತ್ತು ನೋವಾಗಿ ತಿರುಗಲು ಮುಕ್ಕಾಲು ಗಂಟೆ ಬೇಕು. ಸ್ನೇಹಿತರದನ್ನು ಎರವಲು ಪಡೆದು, ನಿಮ್ಮದೇ ಕನ್ನಡಕದಲ್ಲಿ, ನೀವು ಹಾರುವ ವಿಮಾನದಲ್ಲೇ ಒಂದು ಹಾರಾಟ ಮುಗಿಸಿ. ಕ್ರೂಸ್‌ನಲ್ಲಿ ಎಎನ್‌ಆರ್ ಆರಿಸಿ ಒಂದು ನಿಮಿಷ ಕೇಳಿ. ಆಗಲೂ ರೇಡಿಯೋ ಅರ್ಥವಾಗುವಂತಿರಬೇಕು, ಏಕೆಂದರೆ ಬ್ಯಾಟರಿ ಒಂದಲ್ಲ ಒಂದು ದಿನ ನಡುದಾರಿಯಲ್ಲಿ ಮುಗಿಯುತ್ತದೆ.

ಹೊರದೇಶದ ಬೆಲೆಯನ್ನು ರೂಪಾಯಿಗೆ ತಿರುಗಿಸಿ ಸುಮ್ಮನಾಗಬೇಡಿ. ಆಮದು ಸುಂಕ, ಐಜಿಎಸ್‌ಟಿ, ಸಾಗಣೆ ಸೇರುತ್ತವೆ. ವಾರಂಟಿ ಎಷ್ಟು ವರ್ಷ ಎಂಬುದರ ಜೊತೆಗೆ ರಿಪೇರಿಗೆ ಎಲ್ಲಿಗೆ ಕಳಿಸಬೇಕು, ಹೋಗಿಬರುವ ಖರ್ಚು ಯಾರದು ಎಂದು ಕೇಳಿ ಬರವಣಿಗೆಯಲ್ಲಿ ಪಡೆಯಿರಿ. ಭಾರತದಲ್ಲಿ ರಿಪೇರಿ ಮಾಡುವವರಿರುವ ಸಾಧಾರಣ ಹೆಡ್‌ಸೆಟ್, ಸಮುದ್ರ ದಾಟಿಸಬೇಕಾದ ಉತ್ತಮ ಹೆಡ್‌ಸೆಟ್‌ಗಿಂತ ಎಷ್ಟೋ ಸಲ ಲಾಭದ್ದು.

ಹಳೆಯದನ್ನು ಕೊಳ್ಳುವುದಾದರೆ ಬ್ಯಾಟರಿ ಪೆಟ್ಟಿಗೆ ಮೊದಲು ತೆರೆಸಿ. ಒಳಗೆ ಹಸಿರು ಅಥವಾ ಬಿಳಿ ಹಿಟ್ಟು ಕಂಡರೆ ಸೆಲ್ ಸೋರಿ ತಗಡು ತಿಂದಿದೆ. ಕೇಬಲ್ಲನ್ನು ಪ್ಲಗ್ಗಿನ ಬುಡದಲ್ಲಿ, ಬಟ್ಟಲಿನ ಬುಡದಲ್ಲಿ ಮೆಲ್ಲಗೆ ಬಾಗಿಸುತ್ತಾ ಕೇಳಿ, ಕರಕರ ಎಂದರೆ ಒಳಗಿನ ತಂತಿ ಮುರಿದಿದೆ. ಬೂಮ್ ಇಟ್ಟ ಜಾಗದಲ್ಲಿ ನಿಲ್ಲಬೇಕು, ಜೋತುಬೀಳಬಾರದು. ಮೆತ್ತೆಯನ್ನು ಹೇಗೂ ಬದಲಿಸಬೇಕಾಗುತ್ತದೆಂದು ಅದರ ಬೆಲೆ ಕಳೆದೇ ವ್ಯಾಪಾರ ಮಾತಾಡಿ.

ಮನೆಗೆ ತಂದ ಮೇಲೆ ಚೀಲದಲ್ಲಿ ಸದಾ ಎರಡು ಹೊಸ ಎಎ ಸೆಲ್, ಒಂದು ಫೋಮ್ ಟೋಪಿ, ಒಂದು ಜೊತೆ ಇಯರ್‌ಪ್ಲಗ್ ಇರಲಿ. ಬಿಸಿಲಲ್ಲಿ ನಿಲ್ಲಿಸಿದ ವಿಮಾನದ ಗ್ಲೇರ್‌ಶೀಲ್ಡ್ (ಮುಂಗಾಜಿನ ಕೆಳಗಿನ ಹಲಗೆ) ಮೇಲೆ ಹೆಡ್‌ಸೆಟ್ ಬಿಟ್ಟುಹೋಗಬೇಡಿ, ಮೆತ್ತೆಯ ಅಂಟು ಬಿಡುತ್ತದೆ. ಪ್ಲಗ್ ಎಳೆಯುವಾಗ ಕೇಬಲ್ ಹಿಡಿಯದೆ ಪ್ಲಗ್ಗಿನ ಒಡಲನ್ನೇ ಹಿಡಿದು ಎಳೆಯಿರಿ. ಮಳೆಗಾಲದಲ್ಲಿ ವಾರಗಟ್ಟಲೆ ಹಾರಾಟ ನಿಂತಾಗ ಸೆಲ್ ತೆಗೆದಿಡಿ.